ಸ್ಕ್ರೂಡ್ರೈವರ್ ಹಿಡಿಯುವುದಕ್ಕೂ ಸರ್ಟಿಫಿಕೇಟ್ ಬೇಕಾ?

1978ರಲ್ಲಿ ಐಬಿಎಂ ಕಂಪನಿ ಭಾರತದಿಂದ ಗಂಟುಮೂಟೆ ಕಟ್ಟಿತು. ಆಗ ಕೇಂದ್ರದಲ್ಲಿ ಕೈಗಾರಿಕಾ ಮಂತ್ರಿಯಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. 1973ರ ಫೆರಾ ಕಾಯ್ದೆಯ ಪ್ರಕಾರ ವಿದೇಶಿ ಕಂಪನಿಗಳು ಇಲ್ಲಿನ ವ್ಯವಹಾರದಲ್ಲಿ ತಮ್ಮ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕಿತ್ತು. ಐಬಿಎಂ ಒಪ್ಪಲಿಲ್ಲ, ಹೊರಟಿತು. ಕೋಕಾ ಕೋಲಾ ಹೋದ ಕಥೆಯ ಜೊತೆ ಸೇರಿಸಿ ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಎರಡಕ್ಕೂ ಒಂದು ವ್ಯತ್ಯಾಸ ಉಂಟು. ಕೋಲಾ ಹೋದರೆ ಬಾಟಲಿ ಖಾಲಿ, ಅಲ್ಲಿಗೆ ಮುಗಿಯಿತು. ಐಬಿಎಂ ಹೋದರೂ ಅದರ ಯಂತ್ರಗಳು ಇಲ್ಲೇ ಉಳಿದವು. ನಾಳೆ ಅವು ಕೆಟ್ಟರೆ ಬಿಚ್ಚುವವರು ಯಾರು?

ಉತ್ತರ ಒಂದು ಸರ್ಕಾರಿ ಸಂಸ್ಥೆಯ ಹೆಸರಿನಲ್ಲೇ ಇತ್ತು: ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್. 1975ರ ಕೊನೆಯಲ್ಲಿ ಹುಟ್ಟಿದ ಇದು ಐಬಿಎಂ ಹೋದ ಮೇಲೆ ದೇಶದ 800ಕ್ಕೂ ಹೆಚ್ಚು ಕಡೆಗಳಲ್ಲಿದ್ದ ಅದರ ಯಂತ್ರಗಳ ನಿರ್ವಹಣೆಯನ್ನು ವಹಿಸಿಕೊಂಡಿತು. ನಾವಿಂದು ಸಾಫ್ಟ್‌ವೇರ್ ದೇಶ ಅಂತ ಎದೆ ತಟ್ಟಿಕೊಳ್ಳುತ್ತೇವೆ. ಆದರೆ ನಮ್ಮ ದೊಡ್ಡ ಕಂಪ್ಯೂಟರ್ ಸಂಸ್ಥೆಗಳಲ್ಲಿ ಒಂದು ಶುರುವಾಗಿದ್ದು ರಿಪೇರಿ ಕೆಲಸಕ್ಕೆ. 1984ರಲ್ಲಿ ಅದು ಹೆಸರನ್ನು ಸಿಎಂಸಿ ಅಂತ ಚುಟುಕು ಮಾಡಿಕೊಂಡಿತು, ಮೇಂಟೆನೆನ್ಸ್ ಅನ್ನುವ ಪದ ಬೋರ್ಡಿನಿಂದ ಇಳಿಯಿತು. 2015ರಲ್ಲಿ ಟಿಸಿಎಸ್‌ನಲ್ಲಿ ಲೀನವಾಯಿತು. ರಿಪೇರಿಯವರ ಚರಿತ್ರೆ ಸಾಮಾನ್ಯವಾಗಿ ಹೀಗೆಯೇ, ಮೊದಲು ಹೆಸರು ಹೋಗುತ್ತದೆ.

ಈ ವಿಷಯ ತಲೆಗೆ ಹೊಕ್ಕಿದ್ದು ನನ್ನ ಅಕ್ಕನ ಮಗನಿಂದ. ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆಯಲ್ಲಿ ಕೂತು ಅವನು ಕಾಂಪ್‌ಟಿಯಾ ಎ ಪ್ಲಸ್ ಅನ್ನುವ ಪರೀಕ್ಷೆಗೆ ಓದುತ್ತಿದ್ದಾನೆ. ಕಂಪ್ಯೂಟರ್ ಟೆಕ್ನೀಷಿಯನ್ ಆಗುವವರಿಗೆ ಇದು ಮೊದಲ ಮೆಟ್ಟಿಲಿನ ಪರೀಕ್ಷೆ. ಎರಡು ಪೇಪರು. ಒಂದೊಂದಕ್ಕೂ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. 900ರ ಅಳತೆಯಲ್ಲಿ ಮೊದಲನೆಯದಕ್ಕೆ 675, ಎರಡನೆಯದಕ್ಕೆ 700 ಬಂದರೆ ಪಾಸು. ಮೊದಲ ಪೇಪರಿನಲ್ಲಿ ಹಾರ್ಡ್‌ವೇರ್, ಮೊಬೈಲ್, ನೆಟ್‌ವರ್ಕ್, ಪ್ರಿಂಟರ್. ಎರಡನೆಯದರಲ್ಲಿ ಆಪರೇಟಿಂಗ್ ಸಿಸ್ಟಮ್, ಸೆಕ್ಯುರಿಟಿ, ಸಾಫ್ಟ್‌ವೇರ್ ತೊಂದರೆಗಳು ಮತ್ತು ಗ್ರಾಹಕರ ಜೊತೆ ಮಾತಾಡುವ ರೀತಿ. ನಿಮ್ಮ ಆಫೀಸಿನಲ್ಲಿ ಲ್ಯಾಪ್‌ಟಾಪ್ ಹ್ಯಾಂಗ್ ಆದಾಗ ಟಿಕೆಟ್ ಹಾಕುತ್ತೀರಲ್ಲ, ಆ ಕಡೆಯಿಂದ ಫೋನ್ ಎತ್ತುವವನ ಕೆಲಸ ಅದು.

ಇಷ್ಟಕ್ಕೆ ಅಮೆರಿಕದ ಸರ್ಟಿಫಿಕೇಟ್ ಯಾಕೆ? ಅದರ ಚರಿತ್ರೆ ನೋಡಿದರೆ ಸ್ವಲ್ಪ ತಿಳಿಯುತ್ತದೆ. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು ಹೊರತಂದಿತು. ಅದರೊಳಗಿನ ಬಹುಪಾಲು ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಸಿಗುವಂಥವು, ಪ್ರೊಸೆಸರ್ ಇಂಟೆಲ್‌ನದು. ಹಾಗಾಗಿ ಬೇಗನೆ ಕಾಂಪ್ಯಾಕ್‌ನಂಥ ಕಂಪನಿಗಳು ಅದೇ ನಮೂನೆಯ ಯಂತ್ರ ಮಾಡಿದವು. ಹತ್ತು ಕಂಪನಿಯ ಪೆಟ್ಟಿಗೆ, ಇಪ್ಪತ್ತು ಕಂಪನಿಯ ಬಿಡಿಭಾಗ. ಒಂದು ಕಂಪನಿಯ ಎಂಜಿನಿಯರ್‌ಗೆ ಆ ಕಂಪನಿಯ ಯಂತ್ರ ಗೊತ್ತು. ಆದರೆ ಅಂಗಡಿಗೆ ಬರುವುದು ಎಲ್ಲರ ಯಂತ್ರವೂ. ಕಂಪ್ಯೂಟರ್ ಮಾರುವ ವ್ಯಾಪಾರಿಗಳು 1982ರಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದರು, ಮುಂದೆ ಅದೇ ಕಾಂಪ್‌ಟಿಯಾ ಆಯಿತು. 1993ರಲ್ಲಿ ಈ ಸಂಘ ಎ ಪ್ಲಸ್ ಪರೀಕ್ಷೆ ಶುರುಮಾಡಿತು. ಯಾವುದೇ ಒಂದು ಕಂಪನಿಗೆ ಸೇರದ, ಯಾವ ಪೆಟ್ಟಿಗೆ ಬಂದರೂ ಬಿಚ್ಚಬಲ್ಲವನು ಅಂತ ಹೇಳುವ ಕಾಗದ ಅದು. ಅಂದರೆ ಈ ಪರೀಕ್ಷೆ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದಲ್ಲ. ಅದು ಅಂಗಡಿಯ ಕೂಸು.

ನಮ್ಮ ಕಡೆಯೂ ಅಂಗಡಿಗಳಿದ್ದವು. ಬಂಟ್ವಾಳದ ಹಳೆ ಪೇಟೆ ನೇತ್ರಾವತಿಯ ದಡದ ವ್ಯಾಪಾರದ ಊರು. ಅಂಥ ಪೇಟೆಯಲ್ಲಿ ಗಡಿಯಾರ, ರೇಡಿಯೋ, ಪಂಪ್‌ಸೆಟ್, ಹೊಲಿಗೆ ಮಿಷನ್ನು ರಿಪೇರಿ ಮಾಡುವವರನ್ನು ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ. ಯಾರ ಮಗ, ಯಾರ ಹತ್ತಿರ ಕಲಿತದ್ದು ಅಂತ ಗೊತ್ತಿದ್ದರೆ ಸಾಕು. ಸರಿ ಮಾಡದೆ ದುಡ್ಡು ತಗೊಂಡರೆ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಸುದ್ದಿ. ಆ ಸುದ್ದಿಯೇ ಅವನ ಮಾರ್ಕ್ಸ್ ಕಾರ್ಡು. ನನಗೆ ಅನ್ನಿಸುವುದಿಷ್ಟು: ಸರ್ಟಿಫಿಕೇಟ್ ಅನ್ನುವುದು ಜ್ಞಾನಕ್ಕಿಂತ ಹೆಚ್ಚಾಗಿ ದೂರದ ವಿಷಯ. ರಿಪೇರಿ ಮಾಡುವವನಿಗೂ ಮಾಡಿಸುವವನಿಗೂ ಪರಸ್ಪರ ಗುರುತು ಇಲ್ಲದಾಗ ಮಧ್ಯೆ ಒಂದು ಕಾಗದ ಬೇಕಾಗುತ್ತದೆ.

ಆ ಕಾಗದ ನಮಗೆ ಹೊಸದೂ ಅಲ್ಲ. ಕಂಪ್ಯೂಟರಿಗಿಂತ ಮೊದಲು ಟೈಪಿಂಗ್ ಪರೀಕ್ಷೆ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿದವರು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಜೂನಿಯರ್, ಆಮೇಲೆ ಸೀನಿಯರ್ ಕಟ್ಟುವುದು ಒಂದು ತಲೆಮಾರಿನ ಸಂಪ್ರದಾಯ. ಮುಂಬಯಿಯ ಆಫೀಸಿನವರಿಗೆ ನಿಮ್ಮ ಮನೆತನ ಗೊತ್ತಿಲ್ಲ, ಸೀನಿಯರ್ ಪಾಸು ಅಂದರೆ ಮಾತ್ರ ಗೊತ್ತು. ಹಾಗೆಯೇ ಐಟಿಐ. 1950ರಲ್ಲಿ ಶುರುವಾದ ಕುಶಲಕರ್ಮಿ ತರಬೇತಿ ಯೋಜನೆಯ ಅಡಿಯಲ್ಲಿ ದೇಶಕ್ಕೆಲ್ಲ ಒಂದೇ ಟ್ರೇಡ್ ಟೆಸ್ಟ್ ಬಂತು. ಬೆಳ್ತಂಗಡಿ ತಾಲೂಕಿನ ವೇಣೂರಿನ ಐಟಿಐಯಲ್ಲಿ ಕಲಿತ ಫಿಟ್ಟರ್‌ನನ್ನು ಪುಣೆಯ ಕಾರ್ಖಾನೆಯವರು ಮುಖ ನೋಡದೆ ನಂಬುವುದು ಆ ಪದ್ಧತಿಯಿಂದ. ಈಗ ಅದೇ ಐಟಿಐಗಳ ಪಟ್ಟಿಯಲ್ಲಿ ಕೋಪಾ, ಅಂದರೆ ಕಂಪ್ಯೂಟರ್ ಆಪರೇಟರ್ ಆಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್ ಅನ್ನುವ ಒಂದು ವರ್ಷದ ಟ್ರೇಡೂ ಇದೆ.

ಇಲ್ಲೊಂದು ತಮಾಷೆಯ ಕಾಕತಾಳೀಯ. ಅಮೆರಿಕದ ಕಂಪ್ಯೂಟರ್ ವ್ಯಾಪಾರಿಗಳು ಸಂಘ ಕಟ್ಟಿದ 1982ರಲ್ಲೇ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ರುಡ್‌ಸೆಟ್ ಹುಟ್ಟಿತು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವ, ಜೊತೆಗೆ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್. ನಿರುದ್ಯೋಗಿ ಯುವಕ ಯುವತಿಯರಿಗೆ ಉಚಿತ ಊಟ, ವಸತಿ, ಕೆಲವು ವಾರಗಳ ತರಬೇತಿ. ಸ್ವಂತ ಕಾಲ ಮೇಲೆ ನಿಲ್ಲಿಸುವ ಕಸುಬುಗಳು, ಅದರಲ್ಲಿ ರಿಪೇರಿ ಕಸುಬುಗಳೂ ಸೇರಿದವು. ಮುಂದೆ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಆರ್‌ಸೆಟಿ ಅಂತ ದೇಶದ ಜಿಲ್ಲೆಗಳಿಗೆ ಹಬ್ಬಿಸಿತು.

ಎರಡೂ ಸಂಸ್ಥೆಗಳ ಮುಂದಿದ್ದ ಸಮಸ್ಯೆ ಹೆಚ್ಚುಕಮ್ಮಿ ಒಂದೇ: ಕೈಯಲ್ಲಿ ಕೆಲಸ ಗೊತ್ತಿರುವ ಹುಡುಗನನ್ನು ಜನ ನಂಬುವ ಹಾಗೆ ಮಾಡುವುದು ಹೇಗೆ? ಉತ್ತರ ಮಾತ್ರ ಬೇರೆ. ಕಾಂಪ್‌ಟಿಯಾ ಕಾಗದ ಕಂಪನಿಯ ಎಚ್‌ಆರ್‌ಗೆ ಬರೆದದ್ದು: ಇವನನ್ನು ಕೆಲಸಕ್ಕೆ ತಗೊಳ್ಳಿ. ರುಡ್‌ಸೆಟ್ ಕಾಗದ ಬ್ಯಾಂಕ್ ಮ್ಯಾನೇಜರ್‌ಗೆ ಬರೆದದ್ದು: ಇವನಿಗೆ ಸಾಲ ಕೊಡಿ, ಅಂಗಡಿ ಇಡ್ತಾನೆ. ಒಂದು ಪರೀಕ್ಷೆ ಮುಗಿದ ಮೇಲೆ ನಿಮ್ಮನ್ನು ಬಿಟ್ಟುಬಿಡುತ್ತದೆ. ಇನ್ನೊಂದು ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ಳುತ್ತದೆ. ಒಂದು ಊರು ಬಿಡುವವನ ಕಾಗದ, ಇನ್ನೊಂದು ಊರಲ್ಲಿ ಉಳಿಯುವವನ ಕಾಗದ. ಎ ಪ್ಲಸ್ ಕಟ್ಟಬೇಕೋ ಬೇಡವೋ ಅಂತ ಕೇಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ. ಬಿ.ಸಿ. ರೋಡಿನಲ್ಲಿ ಅಂಗಡಿ ಇಡುವುದಾದರೆ ಡಾಲರ್ ಲೆಕ್ಕದ ಪರೀಕ್ಷೆಗೆ ದುಡ್ಡು ಹಾಕುವ ಬದಲು ಒಂದು ಒಳ್ಳೆಯ ಸೋಲ್ಡರಿಂಗ್ ಸ್ಟೇಷನ್ ತಗೊಳ್ಳಬಹುದು. ಬೆಂಗಳೂರಿನ ಹೆಲ್ಪ್‌ಡೆಸ್ಕಿಗೋ ದುಬೈಗೋ ಹೋಗುವುದಾದರೆ ಲೆಕ್ಕ ಬೇರೆ.

ಭಾರತ ಸರ್ಕಾರವೂ ಸುಮ್ಮನೆ ಕೂತಿರಲಿಲ್ಲ. ಎ ಪ್ಲಸ್‌ಗಿಂತ ಮೂರು ವರ್ಷ ಮೊದಲೇ, 1990ರಲ್ಲಿ, ಡೋಯಾಕ್ ಯೋಜನೆ ಬಂತು. ಓ, ಎ, ಬಿ, ಸಿ ಅಂತ ನಾಲ್ಕು ಹಂತ. ಖಾಸಗಿ ಸಂಸ್ಥೆಯಲ್ಲಿ ಕಲಿತರೂ ಪರೀಕ್ಷೆ ಮಾತ್ರ ದೇಶಕ್ಕೆಲ್ಲ ಒಂದೇ. 2011ರಲ್ಲಿ ಆ ಸಂಸ್ಥೆಗೆ ನೀಲಿಟ್ ಅಂತ ಹೆಸರಾಯಿತು. ಕೌಶಲ ಯೋಜನೆಗಳ ಕಾಲದಲ್ಲಿ 'ಫೀಲ್ಡ್ ಟೆಕ್ನೀಷಿಯನ್ – ಕಂಪ್ಯೂಟಿಂಗ್ ಆಂಡ್ ಪೆರಿಫೆರಲ್ಸ್' ಅನ್ನುವ ಹುದ್ದೆಗೆ ರಾಷ್ಟ್ರೀಯ ಮಾನದಂಡವೇ ತಯಾರಾಯಿತು. ಎ ಪ್ಲಸ್‌ನ ಬಹುಪಾಲು ಪಾಠ ಅದರಲ್ಲೂ ಉಂಟು. ಹೆಸರು ಮಾತ್ರ ಒಬ್ಬ ಹುಡುಗನ ಬಾಯಲ್ಲೂ ಸಲೀಸಾಗಿ ಬರುವುದಿಲ್ಲ.

ಅಕ್ಕನ ಮಗನಿಗೆ ಯಾರೋ ಸೀನಿಯರ್ ಕೊಟ್ಟ ಹಳೆಯ ಎ ಪ್ಲಸ್ ಪುಸ್ತಕ ಒಂದಿತ್ತು. ಒಂದು ರಾತ್ರಿ ಅದರ ಒಂದು ಪುಟದ ಫೋಟೋ ಕಳಿಸಿ ಫೋನ್ ಮಾಡಿದ.

"ಮಾವ, ಎಂತ ಇದು? ಕಾಮ್ ಒಂದಕ್ಕೆ ಐಆರ್‌ಕ್ಯೂ ನಾಲ್ಕು, ಕಾಮ್ ಎರಡಕ್ಕೆ ಮೂರು ಅಂತೆಲ್ಲ ಉಂಟು. ಬಾಯಿಪಾಠ ಮಾಡ್ಬೇಕಾ?"

"ಬೇಡ ಮಾರಾಯ. ಅದು ನೀನು ಹುಟ್ಟುವ ಮೊದಲಿನ ಕಥೆ."

"ಹಾಗಾದ್ರೆ ಪುಸ್ತಕ ಬಿಸಾಡುದಾ?"

"ಬಿಸಾಡ್ಬೇಡ, ನನಗೆ ಕೊಡು."

ಚರಿತ್ರೆ ಓದುವವರಿಗೆ ಆ ಪುಸ್ತಕ ಮಣ್ಣಿನ ಪದರ ಇದ್ದ ಹಾಗೆ. ಒಂದು ಕಾಲದಲ್ಲಿ ಮೌಸ್, ಮೋಡೆಮ್, ಪ್ರಿಂಟರ್ ಪ್ರತಿಯೊಂದಕ್ಕೂ ಪ್ರೊಸೆಸರ್‌ನ ಗಮನ ಸೆಳೆಯಲು ಐಆರ್‌ಕ್ಯೂ ಅನ್ನುವ ಬೇರೆ ಬೇರೆ ಸಂಖ್ಯೆ ಇರಬೇಕಿತ್ತು. ಎರಡಕ್ಕೆ ಒಂದೇ ಸಂಖ್ಯೆ ಬಿದ್ದರೆ ಜಗಳ, ಎರಡೂ ಕೆಲಸ ಮಾಡದು. ಜಂಪರ್ ಅನ್ನುವ ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಉಗುರಿನಲ್ಲಿ ಕಿತ್ತು ಬೇರೆ ಕಡೆ ಸಿಕ್ಕಿಸಬೇಕು. ಹಾರ್ಡ್‌ಡಿಸ್ಕಿನಲ್ಲಿ ಮಾಸ್ಟರ್ ಯಾವುದು, ಸ್ಲೇವ್ ಯಾವುದು ಅಂತ ತೀರ್ಮಾನಿಸಬೇಕು. ಫ್ಲಾಪಿ ಕೇಬಲ್ಲಿನ ನಡುವೆ ಒಂದು ತಿರುಚು ಇರುತ್ತಿತ್ತು, ಎ ಡ್ರೈವ್ ಯಾವುದು ಅಂತ ತಿಳಿಯುತ್ತಿದ್ದದ್ದು ಅದರಿಂದ. ಇವೆಲ್ಲ ಬಾಯಿಗೆ ಬಂದವನೇ ಆಗ ಪಂಡಿತ. ಇಂದಿನ ಪಠ್ಯಪಟ್ಟಿಯಲ್ಲಿ ಆ ಜಾಗದಲ್ಲಿ ಎನ್‌ವಿಎಂಇ, ಕ್ಲೌಡ್, ವರ್ಚುವಲ್ ಮಷಿನ್, ಫಿಶಿಂಗ್ ಮೇಲ್ ಇವೆ. 2022ರಲ್ಲಿ ಒಂದು ಆವೃತ್ತಿ ಬಂತು, 2025ರಲ್ಲಿ ಇನ್ನೊಂದು. ಸುಮಾರು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಪೊರೆ ಕಳಚುತ್ತದೆ. ಆದ್ದರಿಂದ ಓದಲು ಕೂರುವ ಮೊದಲು ಪುಸ್ತಕದ ಮೇಲಿನ ಆವೃತ್ತಿ ಸಂಖ್ಯೆ ನೋಡಬೇಕು. ಕಾಂಪ್‌ಟಿಯಾ ಉಚಿತವಾಗಿ ಕೊಡುವ ಪಠ್ಯಪಟ್ಟಿಯನ್ನು ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಪದರ ಬದಲಾದರೂ ಅಡಿಪಾಯದ ಕಲ್ಲು ಬದಲಾಗಿಲ್ಲ. ತೊಂದರೆ ಹುಡುಕುವುದಕ್ಕೆ ಈ ಪರೀಕ್ಷೆ ಆರು ಹಂತ ಕಲಿಸುತ್ತದೆ. ಒಂದು, ಸಮಸ್ಯೆ ಏನು ಅಂತ ಕೇಳಿ ತಿಳಿ. ಎರಡು, ಕಾರಣ ಇದಿರಬಹುದು ಅಂತ ಊಹಿಸು. ಮೂರು, ಊಹೆ ಸರಿಯೋ ಅಂತ ಪರೀಕ್ಷಿಸು. ನಾಲ್ಕು, ಏನು ಮಾಡಬೇಕು ಅಂತ ಯೋಚಿಸಿ ಮಾಡು. ಐದು, ಇಡೀ ಯಂತ್ರ ಸರಿಯಾಯಿತೋ ನೋಡು, ಮತ್ತೆ ಹಾಗಾಗದ ಹಾಗೆ ಜಾಗ್ರತೆ ಮಾಡು. ಆರು, ಎಲ್ಲ ಬರೆದಿಡು. ಮೊದಲ ಐದು ಹಂತ ನಮ್ಮೂರಿನ ಯಾವ ಒಳ್ಳೆಯ ರೇಡಿಯೋ ರಿಪೇರಿಯವನಿಗೂ ಹೇಳಿಕೊಡಬೇಕಾಗಿರಲಿಲ್ಲ. ಸೆಟ್ ಬಿಚ್ಚುವ ಮೊದಲು "ಯಾವಾಗಿಂದ ಹೀಗೆ? ಬಿದ್ದಿತ್ತಾ? ಗುಡುಗು ಬಂದಿತ್ತಾ?" ಅಂತ ಅವನು ಕೇಳುತ್ತಿದ್ದದ್ದು ಮೊದಲನೇ ಹಂತವೇ.

ಗುಡುಗಿನ ಪ್ರಶ್ನೆಯನ್ನು ಕಡೆಗಣಿಸಬೇಡಿ. ಪುಸ್ತಕದಲ್ಲಿ ಒಣ ಗಾಳಿಯಿಂದ ಬರುವ ಸ್ಟ್ಯಾಟಿಕ್ ವಿದ್ಯುತ್ತಿನ ಬಗ್ಗೆ ತುಂಬ ಎಚ್ಚರಿಕೆ ಇದೆ, ಕೈಗೆ ಪಟ್ಟಿ ಕಟ್ಟಿಕೊಳ್ಳಿ ಅನ್ನುತ್ತದೆ. ಸರಿಯೇ, ಪರೀಕ್ಷೆಯಲ್ಲಿ ಹಾಗೆಯೇ ಬರೆಯಬೇಕು. ಆದರೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ದಕ್ಷಿಣ ಕನ್ನಡದಲ್ಲಿ ಶತ್ರುಗಳು ಬೇರೆ: ತೇವಕ್ಕೆ ಕಿಲುಬು ಹಿಡಿಯುವ ರ‍್ಯಾಮ್ ತುದಿ, ಕ್ಯಾಬಿನೆಟ್ ಒಳಗೆ ಸಂಸಾರ ಹೂಡುವ ಇರುವೆ, ಪವರ್‌ಸಪ್ಲೈಯಲ್ಲಿ ಸಾಯುವ ಹಲ್ಲಿ, ಫೋನ್ ವೈರಿನಲ್ಲಿ ಬಂದು ಮೋಡೆಮ್ ಸುಡುವ ಸಿಡಿಲು. ಮೋಡ ಕಪ್ಪಾದರೆ ಪ್ಲಗ್ ಜೊತೆಗೆ ಫೋನ್ ಲೈನನ್ನೂ ಕಿತ್ತಿಡಬೇಕು ಅಂತ ಇಲ್ಲಿ ಯಾವ ಅಜ್ಜಿಗೂ ಗೊತ್ತು. ಓದುವವನು ಎರಡನ್ನೂ ತಿಳಿದಿರಬೇಕು: ಪರೀಕ್ಷೆಯ ಹವಾಮಾನ, ಊರಿನ ಹವಾಮಾನ.

ಬಾಯಿಪಾಠಕ್ಕಿಂತ ಯಾಕೆ ಅಂತ ಕೇಳಿಕೊಂಡು ಓದಿದರೆ ಪಾಠ ನಿಲ್ಲುತ್ತದೆ. ಕಂಪ್ಯೂಟರಿನ ಐಪಿ ವಿಳಾಸ 169.254 ಅಂತ ಶುರುವಾದರೆ ಅರ್ಥವೇನು? ವಿಳಾಸ ಹಂಚುವ ರೂಟರ್ ಅಥವಾ ಸರ್ವರ್ ಉತ್ತರ ಕೊಡಲಿಲ್ಲ, ಯಂತ್ರ ತಾನೇ ಒಂದು ಹೆಸರಿಟ್ಟುಕೊಂಡು ಕೂತಿದೆ. ಅಂದಮೇಲೆ ವಿಂಡೋಸ್ ಮತ್ತೆ ಹಾಕುವ ಮೊದಲು ಕೇಬಲ್, ವೈಫೈ, ರೂಟರ್ ನೋಡಬೇಕು. ಲೇಸರ್ ಪ್ರಿಂಟರಿನ ಏಳು ಹಂತಗಳೂ ಹಾಗೆ. ಕೈಯಲ್ಲಿ ಒರೆಸಿದರೆ ಅಕ್ಷರ ಕಾಗದದಿಂದ ಎದ್ದು ಬರುತ್ತದಾ? ಹಾಗಾದರೆ ಟೋನರ್ ಕರಗಿ ಅಂಟಿಲ್ಲ, ಬಿಸಿ ಮಾಡುವ ಫ್ಯೂಸರ್ ನೋಡು. ಹಂತಗಳ ಹೆಸರು ಮಾತ್ರ ಬಂದವನಿಗೆ ಇದು ಹೊಳೆಯುವುದಿಲ್ಲ. ಬಾಯಿಪಾಠದವರಿಗಾಗಿ ಒಂದು ಕಳ್ಳದಾರಿಯೂ ಉಂಟು, ಡಂಪ್ ಅನ್ನುತ್ತಾರೆ: ಕದ್ದ ಪ್ರಶ್ನೆಪತ್ರಿಕೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ. ಸಿಕ್ಕಿಬೀಳದಿದ್ದರೆ ಇನ್ನೂ ಕಷ್ಟ, ಕೆಲಸಕ್ಕೆ ಸೇರಿದ ಮೊದಲ ವಾರವೇ ನಿಜ ಯಂತ್ರ ಪರೀಕ್ಷೆ ತಗೊಳ್ಳುತ್ತದೆ.

ಬ್ಯಾಕಪ್ ಪಾಠಕ್ಕೆ ಬಂದಾಗ ಅವನಿಗೆ ನಾನು ಹೇಳಿದ್ದು ಮೂಡುಬಿದಿರೆಯ ಕಥೆ. ಪರೀಕ್ಷೆಯಲ್ಲಿ 3-2-1 ಅಂತ ಒಂದು ಸೂತ್ರ ಇದೆ: ದಾಖಲೆಯ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅದರಲ್ಲಿ ಒಂದು ಬೇರೆ ಊರಲ್ಲಿ. ಕ್ರಿ.ಶ. 816ರಲ್ಲಿ ವೀರಸೇನಾಚಾರ್ಯರು ಮುಗಿಸಿದ 'ಧವಲಾ' ಟೀಕೆಯ ತಾಳೆಗರಿಗಳನ್ನು ಶತಮಾನಗಳ ಕಾಲ ಜೋಪಾನವಾಗಿ ಕಾಯ್ದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿ. ಹೊರಗಿನವರು ಓದುವುದು ಇರಲಿ, ನೋಡುವುದೇ ಕಷ್ಟವಿತ್ತು. 19ನೇ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಗಿ ವರ್ಷಗಟ್ಟಲೆ ನಡೆಯಿತು. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾಯಿತು. ನಕಲು ಕೆಲಸ ಶುರುವಾಗುವ ತನಕ ಅಷ್ಟು ದೊಡ್ಡ ಜ್ಞಾನ ಒಂದೇ ಮಾಧ್ಯಮದಲ್ಲಿ, ಒಂದೇ ಊರಿನಲ್ಲಿ ನಿಂತಿತ್ತು. ಒಂದು ಬೆಂಕಿ, ಒಂದು ಗೆದ್ದಲು ಸಾಕಿತ್ತು. ಇನ್ನು ಬೇರೆ ಊರಿನಲ್ಲಿ ಪ್ರತಿ ಯಾಕೆ ಅಂತ ಬಂಟ್ವಾಳದವರಿಗೆ ವಿವರಿಸುವುದೇ ಬೇಡ. 1923ರಲ್ಲಿ, ಮತ್ತೆ 1974ರಲ್ಲಿ ನೇತ್ರಾವತಿ ಉಕ್ಕಿ ಪೇಟೆಯೊಳಗೇ ಬಂದಾಗ, ಒಂದೇ ಕಪಾಟಿನಲ್ಲಿ ಎರಡು ಪ್ರತಿ ಇಟ್ಟಿದ್ದರೆ ಎರಡೂ ನೀರುಪಾಲು.

ಅದೇ ಮೂಡುಬಿದಿರೆ ಈಗ ಕಾಲೇಜುಗಳ ಊರು. ಆಳ್ವಾಸ್‌ನವರು ನಡೆಸುವ 'ಪ್ರಗತಿ' ಉದ್ಯೋಗ ಮೇಳಕ್ಕೆ ಸುತ್ತಲಿನ ತಾಲೂಕುಗಳಿಂದ ಹುಡುಗ ಹುಡುಗಿಯರು ಫೈಲು ಹಿಡಿದು ಬರುತ್ತಾರೆ. ಮೇಜಿನ ಆಚೆ ಕೂತವರು ಬೆಂಗಳೂರಿನವರು, ಒಬ್ಬೊಬ್ಬರಿಗೆ ಕೊಡಲು ಅವರಿಗಿರುವುದು ಕೆಲವೇ ನಿಮಿಷ. ಯಾರ ಮಗ ಅಂತ ಕೇಳಲು ಅಲ್ಲಿ ಪುರುಸೊತ್ತೂ ಇಲ್ಲ, ಕೇಳಬಾರದು ಕೂಡ. ಪೇಟೆಯ ಪರಿಚಯ ಇಲ್ಲದ ಮನೆಯ ಹುಡುಗಿಗೆ, ಯಾವ ಅಂಗಡಿಯೂ ಶಿಷ್ಯೆಯಾಗಿ ಸೇರಿಸಿಕೊಳ್ಳದ ಹುಡುಗಿಗೆ, ಆ ಮೇಜಿನ ಮುಂದೆ ಕಾಗದವೇ ಕುಲ, ಕಾಗದವೇ ಗುರು. ಊರಿನ ನಂಬಿಕೆ ಚೆಂದವೇ. ಆದರೆ ಆ ನಂಬಿಕೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುತ್ತಿರಲಿಲ್ಲ ಅನ್ನುವುದನ್ನೂ ಚರಿತ್ರೆ ಬರೆಯುವವರು ಮರೆಯಬಾರದು. ಸರ್ಟಿಫಿಕೇಟಿನ ಪರವಾಗಿ ನಾನು ಹೇಳುವ ಮಾತು ಇದೊಂದೇ, ಆದರೆ ದೊಡ್ಡ ಮಾತು.

ವಿರುದ್ಧವಾಗಿ ಹೇಳಲಿಕ್ಕೂ ಉಂಟು. ಮೊದಲು ಎ ಪ್ಲಸ್ ಒಮ್ಮೆ ಪಾಸಾದರೆ ಜೀವನಪೂರ್ತಿ ನಿಮ್ಮದು. 2011ರ ಜನವರಿ 1ರಿಂದ ಈಚೆಗೆ ಪಾಸಾದವರಿಗೆ ಮೂರೇ ವರ್ಷ, ಆಮೇಲೆ ನವೀಕರಿಸಬೇಕು. ಫೇಲಾದರೆ ಪ್ರತಿ ಸಲವೂ ಪೂರ್ತಿ ಶುಲ್ಕ. ಮೂರನೇ ಸಲ ಬರೆಯುವುದಾದರೆ ಹದಿನಾಲ್ಕು ದಿನ ಕಾಯಬೇಕು. ಪರೀಕ್ಷೆ ಕನ್ನಡದಲ್ಲಿ ಇಲ್ಲ. ಮನೆಯಿಂದಲೇ ಬರೆಯಬಹುದು, ಆದರೆ ಕ್ಯಾಮೆರಾ ಮುಂದೆ, ಬಾಗಿಲು ಹಾಕಿದ ಕೋಣೆಯಲ್ಲಿ, ಕರೆಂಟೂ ಇಂಟರ್‌ನೆಟ್ಟೂ ಕೈಕೊಡದ ಭರವಸೆಯಲ್ಲಿ. ಜುಲೈ ತಿಂಗಳ ಬೆಳ್ತಂಗಡಿಯಲ್ಲಿ ಆ ಭರವಸೆ ಕೊಡುವವರು ಯಾರು? ರಿಪೇರಿ ಗೊತ್ತಿದ್ದೂ ಇಂಗ್ಲಿಷಿನ ಉದ್ದುದ್ದ ಪ್ರಶ್ನೆಯಲ್ಲಿ ಎಡವುವ ಹುಡುಗರಿದ್ದಾರೆ. ಅವರಿಗೆ ನನ್ನ ಸಲಹೆ ಇಷ್ಟೇ: ದಿನಕ್ಕೆ ಹತ್ತು ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಓದಿ, ಯಾಕೆ ಆ ಉತ್ತರ ಅಂತ ಇನ್ನೊಬ್ಬನಿಗೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಿ. ಹೇಳಲು ಬಂದರೆ ಬಂತು.

ಇನ್ನು ನಿಮಗೊಂದು ಮಾತು, ಎಸಿ ಆಫೀಸಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ. ನಿಮ್ಮ ಕಂಪನಿ ಸಪೋರ್ಟ್ ಹುದ್ದೆಯ ಜಾಹೀರಾತಿನಲ್ಲಿ 'ಎ ಪ್ಲಸ್ ಇದ್ದರೆ ಆದ್ಯತೆ' ಅಂತ ಬರೆದರೆ, ಸೇರಿದ ಮೇಲೆ ಆ ಶುಲ್ಕವನ್ನು ಕಂಪನಿಯೇ ವಾಪಸು ಕೊಡಲಿ, ನವೀಕರಣದ ಖರ್ಚೂ ಕೊಡಲಿ. ಅಪರಿಚಿತರನ್ನು ನಂಬುವ ಅನುಕೂಲ ನಿಮಗೆ, ಅದರ ಬೆಲೆ ಮಾತ್ರ ಮೊದಲ ಸಂಬಳವನ್ನೂ ಕಾಣದ ಹುಡುಗನಿಗೆ ಅಂದರೆ ಲೆಕ್ಕ ಸರಿಹೋಗುವುದಿಲ್ಲ.

ಕೊನೆಗೆ ಆ ಆರನೇ ಹಂತ: ಬರೆದಿಡು. ಐದು ಹಂತ ಚೆನ್ನಾಗಿ ಗೊತ್ತಿದ್ದ ನಮ್ಮ ಪೇಟೆಗಳ ಮೇಸ್ತ್ರಿಗಳು ಬಹುಪಾಲು ಬಿಟ್ಟದ್ದು ಇದೊಂದನ್ನು. ಯಾವ ಸೆಟ್ಟಿಗೆ ಯಾವ ವಾಲ್ವ್ ಹೊಂದುತ್ತದೆ, ಮಳೆಗಾಲದ ಕಿಲುಬಿಗೆ ಏನು ಹಚ್ಚಬೇಕು, ಸಿಡಿಲು ಹೊಡೆದ ಬೋರ್ಡಿನಲ್ಲಿ ಮೊದಲು ಎಲ್ಲಿ ಮುಟ್ಟಿ ನೋಡಬೇಕು, ಎಲ್ಲ ಅವರ ಬೆರಳಿನಲ್ಲಿತ್ತು. ಅಂಗಡಿ ಮುಚ್ಚಿದಾಗ ಅದೂ ಹೋಯಿತು. ಒಂದೇ ಪ್ರತಿ, ಒಂದೇ ಊರು. ಗುರುವಾಯನಕೆರೆಯ ಹುಡುಗ ಈಗ ಪ್ರತಿ ರಿಪೇರಿಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ: ತಾರೀಕು, ತೊಂದರೆ, ಕಾರಣ, ಮಾಡಿದ್ದು. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಅವನು ಪಾಸಾಗಲಿ ಅಂತ ನನಗೂ ಆಸೆ ಉಂಟು. ಆದರೆ ಮೂರು ವರ್ಷಕ್ಕೆ ಅವಧಿ ಮುಗಿಯುವ ಸರ್ಟಿಫಿಕೇಟಿಗಿಂತ ನೂರು ಪುಟದ ಆ ನೋಟ್‌ಬುಕ್ಕು ಹೆಚ್ಚು ಕಾಲ ಬಾಳುತ್ತದೆ. ಮುಂದೆ ಯಾರಾದರೂ ನಮ್ಮ ಮೂರು ಊರುಗಳ ರಿಪೇರಿ ಚರಿತ್ರೆ ಬರೆಯಲು ಹೊರಟರೆ, ಅವರು ಕೇಳಿಕೊಂಡು ಬರುವುದು ಸರ್ಟಿಫಿಕೇಟನ್ನಲ್ಲ, ಅದನ್ನೇ.